ಹಳೆಯ ಸ್ಟೇಷನ್ ವ್ಯಾಗನ್ನಿನ ಮರದ ಗೆರೆಯ ವಿನೈಲ್: ತೆಗೆದು, ಮೈ ಸಿದ್ಧಪಡಿಸಿ, ಹೊಸದನ್ನು ಅಂಟಿಸುವ ಸಮಗ್ರ ಮಾರ್ಗದರ್ಶಿ

ಎರಡನೆಯ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲಿ ಅಮೆರಿಕದಲ್ಲಿ ಸ್ಟೇಷನ್ ವ್ಯಾಗನ್, ಅಂದರೆ ಹಿಂದೆ ಸಾಮಾನಿಗೆ ಜಾಗವಿರುವ ಉದ್ದನೆಯ ಕಾರು, ನಿಜಕ್ಕೂ ಮರದ ಮೈಯದಾಗಿತ್ತು. ಫೋರ್ಡ್ ಕಂಪನಿಯು ಈ ಮರದ ಭಾಗಗಳನ್ನು ಮಿಷಿಗನ್ ರಾಜ್ಯದ ಐರನ್ ಮೌಂಟನ್‌ನಲ್ಲಿದ್ದ ತನ್ನದೇ ಕಾರ್ಖಾನೆಯಲ್ಲಿ ತಯಾರಿಸುತ್ತಿತ್ತು. ಮಳೆ, ಹಿಮ, ಬಿಸಿಲಿಗೆ ಸಿಕ್ಕುವ ಮರವನ್ನು ಮತ್ತೆ ಮತ್ತೆ ಉಜ್ಜಿ ವಾರ್ನಿಷ್ ಬಳಿಯುವುದು ಮಾಲೀಕರಿಗೆ ಬೇಸರದ ಕೆಲಸವಾಗಿತ್ತು, ಉಕ್ಕಿನ ಮೈಯಾದರೋ ಗಟ್ಟಿಯೂ ಅಗ್ಗವೂ ಆಗಿತ್ತು. ಹೀಗಾಗಿ 1950ರಲ್ಲಿ ಬಂದ ಫೋರ್ಡ್ ಕಂಟ್ರಿ ಸ್ಕ್ವೈರ್ 1952ರ ಹೊತ್ತಿಗೆ ಉಕ್ಕಿನ ಮೈಗೆ ತಿರುಗಿತು. ಮೈಯ ರಚನೆಯಲ್ಲೇ ಮರವಿದ್ದ ಅಮೆರಿಕದ ದೊಡ್ಡ ಕಂಪನಿಗಳ ವ್ಯಾಗನ್‌ಗಳ ಸಾಲು 1953ರ ಬ್ಯೂಕ್ ಎಸ್ಟೇಟ್‌ನೊಂದಿಗೆ ಮುಗಿಯಿತು. ಮರ ಹೋದರೂ ಮರದ ಮೇಲಿನ ಮೋಹ ಹೋಗಲಿಲ್ಲ. ಅದರ ಜಾಗಕ್ಕೆ ಮರದ ಗೆರೆ ಮುದ್ರಿಸಿದ ತೆಳು ಹಾಳೆ ಬಂತು, ಸುತ್ತಲೂ ತಿಳಿಬಣ್ಣದ ಚೌಕಟ್ಟು ಬಂತು. ಕಂಟ್ರಿ ಸ್ಕ್ವೈರ್ 1991ರವರೆಗೆ, ಜೀಪ್ ಗ್ರ್ಯಾಂಡ್ ವ್ಯಾಗನೀರ್ 1984ರಿಂದ 1991ರವರೆಗೆ, ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ 1996ರವರೆಗೆ ಈ ಉಡುಪಿನಲ್ಲೇ ಕಾರ್ಖಾನೆಯಿಂದ ಹೊರಬಂದವು.

ಈ ಕಾರುಗಳಲ್ಲಿ ಉಳಿದಿರುವವುಗಳ ವಿನೈಲ್, ಅಂದರೆ ಆ ತೆಳು ಪ್ಲಾಸ್ಟಿಕ್ ಹಾಳೆ, ಈಗ ಮೂವತ್ತರಿಂದ ಐವತ್ತು ವರ್ಷ ಹಳೆಯದು. ವಿನೈಲನ್ನು ಮೆದುವಾಗಿಡುವ ಪ್ಲಾಸ್ಟಿಸೈಜರ್ ಅಂಶ ಕಾಲಕ್ರಮದಲ್ಲಿ ಹೊರಹೋಗುತ್ತದೆ, ಬಿಸಿಲಿನ ಅತಿನೇರಳೆ ಕಿರಣಗಳು ಮುದ್ರಣವನ್ನೂ ಮೇಲ್ಪದರವನ್ನೂ ತಿನ್ನುತ್ತವೆ, ಹಾಳೆ ಕುಗ್ಗಿ ಅಂಚಿನಲ್ಲಿ ಸುರುಳಿಯಾಗುತ್ತದೆ, ಕೊನೆಗೆ ಸೀಳುತ್ತದೆ. ಸೀಳು ಬಿಟ್ಟ ಹಾಳೆಗೆ ಯಾವ ಎಣ್ಣೆ ಅಥವಾ ಪಾಲಿಶ್ ಸವರಿದರೂ ಒಂದೆರಡು ವಾರ ಗಾಢವಾಗಿ ಕಂಡು ಮತ್ತೆ ಮಂಕಾಗುತ್ತದೆಯೇ ಹೊರತು ಅದು ಸರಿಹೋಗುವುದಿಲ್ಲ. ಮೇಲಾಗಿ ಆ ಎಣ್ಣೆ ಸೀಳಿನೊಳಗೆ ಇಳಿದು ಮುಂದಿನ ಕೆಲಸವನ್ನು ಕೆಡಿಸುತ್ತದೆ. ಹಾಳೆ ಕೇವಲ ಬಣ್ಣ ಮಾಸಿದ್ದು, ಅಂಚುಗಳು ಬಿಗಿಯಾಗಿ ಕೂತಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೂಲ ಹಾಳೆಯಿರುವ ಕಾರಿಗೆ ಅದರದೇ ಆದ ಬೆಲೆಯಿದೆ.

ಬದಲಾಯಿಸಲೇಬೇಕೆಂದಾದರೆ ಒಂದು ವಿಷಯವನ್ನು ಆರಂಭದಲ್ಲೇ ಒಪ್ಪಿಕೊಳ್ಳಬೇಕು: ಹೊಸ ಹಾಳೆಯನ್ನು ಅಂಟಿಸುವುದು ಈ ಕೆಲಸದ ಅತ್ಯಂತ ಚಿಕ್ಕ ಭಾಗ. ಕಳಚುವುದು, ಸುಲಿಯುವುದು, ಹಳೆಯ ಅಂಟನ್ನು ತೆಗೆಯುವುದು, ತುಕ್ಕು ಮತ್ತು ಬಣ್ಣವನ್ನು ಸರಿಪಡಿಸುವುದು – ಇವೇ ಮುಕ್ಕಾಲು ಪಾಲು. ಈ ಮುಕ್ಕಾಲನ್ನು ಅವಸರದಲ್ಲಿ ಮುಗಿಸಿದವರ ಕಾರು ಎರಡೇ ಬೇಸಿಗೆಗಳಲ್ಲಿ ಅದನ್ನು ಬಯಲು ಮಾಡುತ್ತದೆ.

ಯಾವ ಹಾಳೆಯನ್ನು ಕೊಳ್ಳಬೇಕು

ಅಂಟು ಹಚ್ಚಿದ ವಿನೈಲ್ ಹಾಳೆಗಳಲ್ಲಿ ಎರಡು ಜಾತಿಗಳಿವೆ. ದ್ರವರೂಪದ ವಿನೈಲನ್ನು ನಯವಾದ ತಳದ ಮೇಲೆ ತೆಳುವಾಗಿ ಹರಡಿ ಒಲೆಯಲ್ಲಿ ಒಣಗಿಸಿ ಮಾಡುವುದು ಕಾಸ್ಟ್ ವಿನೈಲ್. ಬಿಸಿ ವಿನೈಲನ್ನು ರೋಲರ್‌ಗಳ ನಡುವೆ ಒತ್ತಿ ಎಳೆದು ಮಾಡುವುದು ಕ್ಯಾಲೆಂಡರ್ಡ್ ವಿನೈಲ್. ಎರಡನೆಯದು ತಯಾರಿಯ ಸಮಯದಲ್ಲಿ ಎಳೆಸಿಕೊಂಡ ಬಿಗಿತವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಬಿಸಿಲು ತಾಗಿದಾಗ ಮೊದಲಿನ ಅಳತೆಗೆ ಹಿಂದಿರುಗಲು ಹವಣಿಸುತ್ತದೆ, ಅಂಚುಗಳಲ್ಲಿ ಹಿಂದೆ ಸರಿಯುತ್ತದೆ. ಕಾರಿನ ಹೊರಮೈಗೆ ಕಾಸ್ಟ್ ವಿನೈಲೇ ಬೇಕು.

3ಎಂ ಕಂಪನಿಯ ಡೈ-ನಾಕ್ ಎಂಬ ಹೆಸರು ಈ ಕಾರುಗಳೊಂದಿಗೆ ಎಷ್ಟು ಬೆರೆತುಹೋಗಿದೆ ಎಂದರೆ ಎಲ್ಲ ಬಗೆಯ ಮರದ ಗೆರೆಯ ಹಾಳೆಗಳನ್ನೂ ಜನ ಆ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಇಂದು ಆ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಹಾಳೆಗಳು ಕಟ್ಟಡಗಳ ಒಳಗೋಡೆ, ಬಾಗಿಲು, ಲಿಫ್ಟ್‌ಗಳಿಗಾಗಿ ಮಾಡಿದವು. ನೋಡಲು ಸೊಗಸಾಗಿದ್ದರೂ ಹೊರಗಿನ ಬಿಸಿಲಿಗೆ ಅವು ಸಲ್ಲುವುದಿಲ್ಲ. ಹೊರಾಂಗಣ ದರ್ಜೆ ಎಂದು ತಯಾರಕರ ತಾಂತ್ರಿಕ ವಿವರಪತ್ರದಲ್ಲಿ ಬರೆದಿದ್ದರೆ ಮಾತ್ರ ಕೊಳ್ಳಬೇಕು, ಅಂಗಡಿಯವರ ಬಾಯಿಮಾತು ಸಾಲದು. ಡೈ-ನಾಕ್ ಸುಮಾರು 200 ಮೈಕ್ರಾನ್ ದಪ್ಪವಿರುತ್ತದೆ. ಕಾರಿನ ಮೈಗೆ ಹೊದಿಸುವ ಸಾಮಾನ್ಯ ಕಾರ್ ರ‍್ಯಾಪ್ ಹಾಳೆ 90 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ದಪ್ಪ ಹಾಳೆ ಕೆಳಗಿನ ಸಣ್ಣ ಗೀರುಗಳನ್ನು ಮುಚ್ಚಿಕೊಳ್ಳುತ್ತದೆ, ಆದರೆ ಹ್ಯಾಂಡಲ್ ಗುಳಿಯಂತಹ ಕಡೆ ಬಾಗಲು ಹಟ ಮಾಡುತ್ತದೆ. ತೆಳು ಹಾಳೆ ಎಲ್ಲಿ ಬೇಕಾದರೂ ಬಾಗುತ್ತದೆ, ಮರಳಿನ ಒಂದು ಕಣವನ್ನೂ ಬಚ್ಚಿಡುವುದಿಲ್ಲ.

ಮೂರನೆಯ ದಾರಿ, ನಿರ್ದಿಷ್ಟ ಮಾದರಿಯ ಗೆರೆ ಮತ್ತು ಬಣ್ಣವನ್ನು ಕಾಸ್ಟ್ ವಿನೈಲ್ ಮೇಲೆ ಡಿಜಿಟಲ್ ಮುದ್ರಣ ಮಾಡಿಸಿ, ಮೇಲೆ ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲ್ಯಾಮಿನೇಟ್ ಹಾಕಿಸುವುದು. ಹಲಗೆ ಜೋಡಿಸಿದಂತೆ ಅಡ್ಡಗೆರೆಗಳಿರುವ ವಿನ್ಯಾಸಕ್ಕೆ ಇದು ಹೆಚ್ಚು ಹೊಂದುತ್ತದೆ. ಲ್ಯಾಮಿನೇಟ್ ಇಲ್ಲದ ಮುದ್ರಣವನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಒಪ್ಪಬೇಡಿ.

ಬಣ್ಣದ ಮಾದರಿಗಾಗಿ ಕಾರಿನ ಹೊರಮೈಯನ್ನು ನೋಡಿ ಮೋಸಹೋಗಬಾರದು. ಚೌಕಟ್ಟಿನ ಮೋಲ್ಡಿಂಗ್ ಕಳಚಿದಾಗ ಅದರಡಿಯಲ್ಲಿ ಬೆರಳಿನಗಲದ ಪಟ್ಟಿಯೊಂದು ಕಾಣುತ್ತದೆ. ದಶಕಗಳ ಕಾಲ ಬಿಸಿಲನ್ನೇ ಕಾಣದ ಆ ಪಟ್ಟಿಯಲ್ಲಿ ಕಾರ್ಖಾನೆಯ ಕೆಂಪುಗಂದು ಹಾಗೆಯೇ ಉಳಿದಿರುತ್ತದೆ, ಅದರ ಪಕ್ಕದಲ್ಲೇ ಬಿಸಿಲು ಕಂಡ ಭಾಗ ಬೂದು ಹಳದಿಗೆ ತಿರುಗಿರುತ್ತದೆ. ಎರಡರ ನಡುವಿನ ಗೆರೆ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟವಾಗಿರುತ್ತದೆ. ಆ ಪಟ್ಟಿಯ ತುಂಡನ್ನು ಜೋಪಾನವಾಗಿ ತೆಗೆದು ಇಟ್ಟುಕೊಳ್ಳಿ. ಹೊಸ ಹಾಳೆಯ ಬಣ್ಣ ಆರಿಸಲು ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಇನ್ನೊಂದಿಲ್ಲ.

ಎಷ್ಟು ಬೇಕು ಎಂಬ ಲೆಕ್ಕ ಸುಲಭ. ಎಪ್ಪತ್ತರ ದಶಕದ ದೊಡ್ಡ ವ್ಯಾಗನ್‌ಗಳು ಐದೂವರೆ ಮೀಟರಿಗಿಂತ ಉದ್ದವಿದ್ದವು. ಡೈ-ನಾಕ್ ರೋಲಿನ ಅಗಲ ಸುಮಾರು 122 ಸೆಂ.ಮೀ., ಮರದ ಗೆರೆ ಸಾಮಾನ್ಯವಾಗಿ ರೋಲಿನ ಉದ್ದಕ್ಕೆ ಓಡುತ್ತದೆ. ನಿಮ್ಮ ಕಾರಿನ ಪಟ್ಟಿಯ ಎತ್ತರ, ಮಡಚಲು ಬೇಕಾದ ಅಂಚನ್ನೂ ಸೇರಿಸಿ, 60 ಸೆಂ.ಮೀ. ಒಳಗಿದ್ದರೆ ಆರು ಮೀಟರ್ ಉದ್ದದ ತುಂಡನ್ನು ನಡುವೆ ಉದ್ದುದ್ದ ಸೀಳಿ ಎರಡೂ ಪಕ್ಕಗಳಿಗೆ ಬಳಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಉದ್ದ ಇಮ್ಮಡಿಯಾಗುತ್ತದೆ. ಹಿಂಬಾಗಿಲಿಗೆ (ಸಾಮಾನು ತುಂಬುವ, ಕಾರಿನ ಹಿಂಬದಿಯ ಬಾಗಿಲು) ಎರಡು ಮೀಟರ್, ಕೈತಪ್ಪಿಗೆಂದು ಇನ್ನೊಂದೆರಡು ಮೀಟರ್ ಸೇರಿಸಿ, ಎಲ್ಲವನ್ನೂ ಒಂದೇ ರೋಲಿನಿಂದ ಒಂದೇ ಸಲ ಕೊಳ್ಳಿ. ಬೇರೆ ಬೇರೆ ಬಾರಿ ತಯಾರಾದ ರೋಲುಗಳ ಬಣ್ಣ ತುಸು ಬೇರೆಯಾಗಿರುತ್ತದೆ. ಇದೇ ಕಾರಣಕ್ಕೆ ಒಂದು ಬಾಗಿಲಿನ ಹಾಳೆಯನ್ನಷ್ಟೇ ಬದಲಾಯಿಸುವ ಆಲೋಚನೆಯನ್ನೂ ಬಿಡಬೇಕು.

ಕಳಚುವುದು ಮತ್ತು ಅಳತೆ ತೆಗೆಯುವುದು

ಹಾಳೆಯ ಸುತ್ತಲಿನ ಮೋಲ್ಡಿಂಗ್‌ಗಳೇ ಈ ಕೆಲಸದಲ್ಲಿ ಸುಲಭವಾಗಿ ಮತ್ತೆ ಸಿಗದ ವಸ್ತುಗಳು. ವಿನೈಲ್ ಹಾಳೆ ದುಡ್ಡು ಕೊಟ್ಟರೆ ಸಿಗುತ್ತದೆ. ಫೈಬರ್‌ಗ್ಲಾಸ್ ಅಥವಾ ಪ್ಲಾಸ್ಟಿಕ್‌ನ ಆ ಉದ್ದನೆಯ ತುಂಡುಗಳು ಒಡೆದರೆ ಗುಜರಿ ಅಂಗಳಗಳನ್ನು ಅಲೆಯಬೇಕು. ಅವುಗಳನ್ನು ಹೊರಗಿನಿಂದ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಲು ಹೋಗಬಾರದು. ಹಲವು ಮೋಲ್ಡಿಂಗ್‌ಗಳ ಬೆನ್ನಿಗೆ ತಿರುಪಿನ ಕಡ್ಡಿಗಳಿದ್ದು, ಅವು ತಗಡಿನ ರಂಧ್ರದ ಮೂಲಕ ಒಳಗೆ ಬಂದು ನಟ್ಟಿನಿಂದ ಬಿಗಿಯಲ್ಪಟ್ಟಿರುತ್ತವೆ. ಆದ್ದರಿಂದ ಬಾಗಿಲುಗಳ ಒಳಹೊದಿಕೆ, ಸಾಮಾನು ಇಡುವ ಜಾಗದ ಪಕ್ಕದ ಹೊದಿಕೆ, ಹಿಂಬಾಗಿಲಿನ ಒಳಮುಚ್ಚಳ ಎಲ್ಲವನ್ನೂ ತೆಗೆದು ಒಳಗಿನಿಂದಲೇ ಕೆಲಸ ಮಾಡಬೇಕು. ಕೆಲಸ ಆರಂಭಿಸುವುದಕ್ಕೆ ಕೆಲವು ದಿನ ಮುಂಚಿನಿಂದಲೇ ಪ್ರತಿ ನಟ್ಟಿಗೂ ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಡುತ್ತಾ ಬನ್ನಿ. ತಿರುಗದ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಕಡ್ಡಿ ಮೋಲ್ಡಿಂಗ್‌ನಿಂದ ಕಿತ್ತುಬರುತ್ತದೆ. ಅದರ ಬದಲು ನಟ್ಟನ್ನೇ ಸೀಳುವುದು ಮೇಲು. ಹಳೆಯ ಪ್ಲಾಸ್ಟಿಕ್ ಚಳಿಯಲ್ಲಿ ಗಾಜಿನಷ್ಟು ಪೆಡಸಾಗುವುದರಿಂದ ಬೆಚ್ಚಗಿನ ದಿನವನ್ನು ಆರಿಸಿಕೊಂಡು, ಉದ್ದನೆಯ ತುಂಡುಗಳಿಗೆ ಎರಡೂ ತುದಿಯಲ್ಲಿ ಒಬ್ಬೊಬ್ಬರು ಹಿಡಿಯುವಂತೆ ನೋಡಿಕೊಳ್ಳಿ. ಕಳಚಿದ ಪ್ರತಿ ತುಂಡಿನ ಹಿಂದೆ ಜಾಗದ ಹೆಸರು ಬರೆದು, ಅದರ ನಟ್ಟುಗಳನ್ನು ಅದೇ ಹೆಸರಿನ ಲಕೋಟೆಯಲ್ಲಿ ಇಡಿ.

ಬಾಗಿಲ ಹ್ಯಾಂಡಲ್, ಬೀಗದ ಕೊಳವೆ, ಲಾಂಛನಗಳು, 1968ರ ನಂತರದ ಕಾರುಗಳಲ್ಲಿರುವ ಪಕ್ಕದ ಮಾರ್ಕರ್ ದೀಪಗಳು – ಇವೂ ಬರಲೇಬೇಕು. ಹ್ಯಾಂಡಲನ್ನು ಹಾಗೇ ಬಿಟ್ಟು ಅದರ ಸುತ್ತ ಹಾಳೆ ಕತ್ತರಿಸಿದ ಕೆಲಸ ದೂರದಿಂದಲೇ ಗುರುತು ಸಿಗುತ್ತದೆ.

ಹಳೆಯ ಹಾಳೆ ಇನ್ನೂ ಕಾರಿನ ಮೇಲಿರುವಾಗಲೇ ಅದರ ಮೇಲೆ ಕಂದು ಪ್ಯಾಕಿಂಗ್ ಕಾಗದ ಹಿಡಿದು ಪ್ರತಿ ಪ್ಯಾನಲ್ಲಿನ ಆಕಾರವನ್ನು ಎಳೆದುಕೊಳ್ಳಿ. ಹಾಳೆ ಸುಲಿದ ಮೇಲೆ ಮೇಲಂಚು ಎಲ್ಲಿತ್ತು ಎಂಬುದಕ್ಕೆ ಯಾವ ಕುರುಹೂ ಉಳಿಯುವುದಿಲ್ಲ. ಮೈಯ ಯಾವುದಾದರೂ ಸ್ಥಿರವಾದ ಮಡಿಕೆಯಿಂದ ಹಾಳೆಯ ಅಂಚಿಗೆ ಎಷ್ಟು ಮಿಲಿಮೀಟರ್ ಎಂಬುದನ್ನು ಪ್ರತಿ ಪ್ಯಾನಲ್ಲಿನ ಎರಡು ಮೂರು ಕಡೆ ಅಳೆದು ಆ ಕಾಗದದ ಮೇಲೆಯೇ ಬರೆದಿಡಿ. ಗೆರೆಯ ದಿಕ್ಕು, ಹಲಗೆಯ ಅಡ್ಡಗೆರೆಗಳ ಸ್ಥಾನ ಕಾಣುವಂತೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆದುಕೊಳ್ಳಿ.

ಹಳೆಯ ಹಾಳೆಯನ್ನು ಸುಲಿಯುವುದು

ಆರಂಭವನ್ನು ಬಿಸಿಲು ಕಡಿಮೆ ಬಿದ್ದ ಕಡೆಯಿಂದ ಮಾಡಿ. ಬಾಗಿಲಿನ ಅಂಚಿನ ಒಳಕ್ಕೆ ಮಡಚಿದ ಭಾಗ ಸಾಮಾನ್ಯವಾಗಿ ಇನ್ನೂ ಮೆದುವಾಗಿರುತ್ತದೆ. ಹೀಟ್ ಗನ್ನನ್ನು (ಬಿಸಿಗಾಳಿ ಊದುವ ಉಪಕರಣ) ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಾ ಹಾಳೆಯನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗಾಗಿಸಿ. ಅಂದಾಜಿಗೆ ಬಿಡದೆ ಇನ್‌ಫ್ರಾರೆಡ್ ಉಷ್ಣಮಾಪಕವನ್ನು ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಅಂಟಿಸುವಾಗಲೂ ಅದು ಬೇಕಾಗುತ್ತದೆ. ಪ್ಲಾಸ್ಟಿಕ್ ಬ್ಲೇಡಿನಿಂದ ಮೂಲೆಯನ್ನು ಎಬ್ಬಿಸಿ, ಹಾಳೆಯನ್ನು ನೇರವಾಗಿ ನಿಮ್ಮತ್ತ ಎಳೆಯದೆ ತನ್ನ ಮೇಲೆಯೇ ಹಿಂದಕ್ಕೆ ಮಡಚಿ ಮೈಗೆ ಹತ್ತಿರದಲ್ಲಿ ನಿಧಾನವಾಗಿ ಎಳೆಯಿರಿ. ಹೊರಕ್ಕೆ ನೇರ ಎಳೆದರೆ ಹಾಳೆ ಹರಿಯುತ್ತದೆ, ಇಲ್ಲವೇ ಕೆಳಗಿನ ಬಣ್ಣವೂ ಜೊತೆಗೆ ಬರುತ್ತದೆ. ಬೆಚ್ಚಗಿನ ಭಾಗವೂ ಎಳೆಯುವ ಭಾಗವೂ ಒಂದಾಗಿ ಮುಂದುವರಿಯುವ ಲಯ ಸಿಕ್ಕಿದರೆ ಒಂದು ಬಾಗಿಲಿನ ಅರ್ಧ ಭಾಗ ಒಂದೇ ತುಂಡಾಗಿ ಬಂದುಬಿಡುತ್ತದೆ.

ಅಂತಹ ಅದೃಷ್ಟ ಎಲ್ಲ ಕಡೆಯೂ ಇರುವುದಿಲ್ಲ. ಬಿಸಿಲಿನ ಪಕ್ಕದ ಹಾಳೆ ಹಪ್ಪಳದಂತೆ ಚೂರುಚೂರಾಗಿ ಏಳುತ್ತದೆ, ಪ್ರತಿ ಚೂರೂ ಉಗುರಿನಷ್ಟೇ ಇರುತ್ತದೆ. ಅಲ್ಲಿ ಮೊದಲು ಗೋಡೆಕಾಗದ ತೆಗೆಯುವ ಹಬೆಯಂತ್ರವನ್ನು ಪ್ರಯತ್ನಿಸಿ. ಒಣ ಶಾಖಕ್ಕಿಂತ ಹಬೆಯ ಶಾಖ ಸಮನಾಗಿ ಹರಡುವುದರಿಂದ ಬಣ್ಣ ಸುಡುವ ಭಯ ಕಡಿಮೆ. ಅದೂ ನಡೆಯದಿದ್ದರೆ ವಿನೈಲ್ ತೆಗೆಯುವ ರಾಸಾಯನಿಕವನ್ನು ಹಚ್ಚಿ, ಆರದಂತೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಕೆರೆಯಬೇಕು. ಕೊನೆಯ ಅಸ್ತ್ರ, ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರ. ಇದು ಹಾಳೆಯನ್ನೂ ಅಂಟನ್ನೂ ಒಟ್ಟಿಗೆ ಉಜ್ಜಿ ತೆಗೆಯುತ್ತದೆ. ಚಕ್ರದ ಮೇಲೆ ಮುದ್ರಿಸಿರುವ ವೇಗದ ಮಿತಿಯನ್ನು ಮೀರಬಾರದು, ಕ್ಷಣವೂ ಒಂದೆಡೆ ನಿಲ್ಲಿಸಬಾರದು. ನಿಂತರೆ ಘರ್ಷಣೆಯ ಶಾಖಕ್ಕೆ ಬಣ್ಣ ಮೆದುವಾಗಿ ಕಲೆಯಾಗುತ್ತದೆ. ಬಣ್ಣ ತೆಳುವಾಗಿರುವ ಅಂಚು ಮತ್ತು ಮಡಿಕೆಗಳ ಮೇಲೆ ಚಕ್ರ ಬೇಡವೇ ಬೇಡ. ಉಕ್ಕಿನ ಬ್ಲೇಡನ್ನು ಹೇಗೂ ಬಣ್ಣ ತೆಗೆಯುವ ಪ್ಯಾನಲ್ ಆಗಿದ್ದರೆ ಮಾತ್ರ ಬಳಸಿ.

ಹಾಳೆ ಹೋದ ಮೇಲೆ ಜೇನಿನ ಬಣ್ಣದ ಅಂಟು ಉಳಿಯುತ್ತದೆ. ಕಿತ್ತಳೆ ಎಣ್ಣೆಯ ಆಧಾರದ ಅಂಟುನಾಶಕ ಅಥವಾ ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕ ಇದಕ್ಕೆ ಸಾಕು. ಲ್ಯಾಕರ್ ಥಿನ್ನರ್ ಹಳೆಯ ಬಣ್ಣವನ್ನೇ ಕರಗಿಸುತ್ತದೆ. ಬಟ್ಟೆಯನ್ನು ದ್ರಾವಕದಲ್ಲಿ ನೆನೆಸಿ ಅಂಟಿನ ಮೇಲೆ ಕೆಲವು ನಿಮಿಷ ಹರಡಿ ಬಿಟ್ಟರೆ ಕೆರೆಯುವ ಶ್ರಮ ಅರ್ಧವಾಗುತ್ತದೆ. ಕರಗಿದ ಅಂಟನ್ನು ಒಂದೇ ಬಟ್ಟೆಯಿಂದ ಒರೆಸುತ್ತಾ ಹೋದರೆ ಅದನ್ನು ಕಾರಿನ ತುಂಬ ತೆಳುವಾಗಿ ಬಳಿದಂತಾಗುತ್ತದೆ. ಆದ್ದರಿಂದ ಬಟ್ಟೆ ಬದಲಾಯಿಸುತ್ತಲೇ ಇರಬೇಕು, ದ್ರಾವಕ ಆರುವ ಮೊದಲೇ ಒಣಬಟ್ಟೆಯಿಂದ ಒರೆಸಬೇಕು.

ಸುರಕ್ಷತೆಯ ವಿಷಯವನ್ನು ಇಲ್ಲಿಯೇ ಹೇಳಬೇಕು. ಹೀಟ್ ಗನ್ ಬಳಸುವ ಹೊತ್ತಿನಲ್ಲಿ ದ್ರಾವಕದ ಡಬ್ಬಿಯಾಗಲಿ ಒದ್ದೆ ಬಟ್ಟೆಯಾಗಲಿ ಆ ಕೋಣೆಯಲ್ಲೇ ಇರಕೂಡದು, ನ್ಯಾಫ್ತಾದ ಆವಿಗೆ ಕಿಡಿ ಸಾಕು. ಬಳಸಿದ ಬಟ್ಟೆಗಳನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ. ಗ್ಯಾರೇಜಿನ ಬಾಗಿಲು ತೆರೆದಿರಲಿ, ಕೈಗೆ ನೈಟ್ರೈಲ್ ಗ್ಲವ್ಸ್ ಇರಲಿ. ಆ ಕಾಲದ ಕಾರುಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಹೀಗಾಗಿ ಮುಂದಿನ ಹಂತದ ಉಜ್ಜುವಿಕೆಯನ್ನು ಆದಷ್ಟು ನೀರು ಹಾಕಿಯೇ ಮಾಡಬೇಕು, ಒಣದಾಗಿ ಉಜ್ಜಬೇಕಾದಾಗ ಸಾಮಾನ್ಯ ಬಟ್ಟೆಯ ಮಾಸ್ಕ್ ಬದಲು ಧೂಳು ತಡೆಯುವ ಸರಿಯಾದ ರೆಸ್ಪಿರೇಟರ್ ಧರಿಸಬೇಕು.

ತುಕ್ಕು ಮತ್ತು ಬಣ್ಣ

ಹಳೆಯ ಹಾಳೆಯಲ್ಲಿ ಕಂಡಿದ್ದ ಗುಳ್ಳೆಗಳ ಕೆಳಗೆ ಏನಿತ್ತು ಎಂಬುದು ಈಗ ತಿಳಿಯುತ್ತದೆ. ಒತ್ತಿದಾಗ ಮೆತ್ತಗಿದ್ದ ಗುಳ್ಳೆ ಬರೀ ಗಾಳಿ. ಕರಕರ ಎಂದಿದ್ದ ಗುಳ್ಳೆ ತುಕ್ಕು. ಮೋಲ್ಡಿಂಗ್‌ನ ಕಡ್ಡಿ ತೂರಿದ್ದ ರಂಧ್ರಗಳು, ಬಾಗಿಲುಗಳ ತಳ, ಹಿಂಚಕ್ರದ ಕಮಾನಿನ ಸುತ್ತ – ತುಕ್ಕು ಹುಡುಕಬೇಕಾದ ಜಾಗಗಳು ಇವೇ. ಕೊರೆದ ಪ್ರತಿ ರಂಧ್ರವೂ ಬಣ್ಣವಿಲ್ಲದ ಲೋಹದ ಅಂಚು, ಮೋಲ್ಡಿಂಗ್ ಹಿಡಿದಿಟ್ಟ ನೀರು ಅಲ್ಲಿಯೇ ನಿಲ್ಲುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ ಕಡೆಯ ಕಾರುಗಳಲ್ಲಿ ಇದು ತೂತಿನವರೆಗೂ ಹೋಗಿರುತ್ತದೆ. ತೂತಾದ ತಗಡಿಗೆ ಹೊಸ ತಗಡು ಬೆಸೆಯಬೇಕು. ಪುಟ್ಟಿ ತುಂಬಿ ಮೇಲೆ ವಿನೈಲ್ ಮುಚ್ಚುವುದು ಮಾರಾಟಕ್ಕಾಗಿ ಕಾರು ಸಿಂಗರಿಸುವವರ ಉಪಾಯ. ಹಳೆಯ ವ್ಯಾಗನ್ ಕೊಳ್ಳುವವರು ಹಾಳೆಯ ಮೇಲೆ ತೆಳು ಆಯಸ್ಕಾಂತ ಆಡಿಸಿ ನೋಡುವುದು ಈ ಕಾರಣಕ್ಕೇ.

ಮೇಲ್ಮೈ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ತೆಗೆದು, ಎಪಾಕ್ಸಿ ಪ್ರೈಮರ್ ಹೊಡೆದು, ಬೇಕಾದಲ್ಲಿ ಪುಟ್ಟಿ ಎಳೆದು, ಮತ್ತೆ ಪ್ರೈಮರ್ ಹೊಡೆದು, 320ರ ವಾಟರ್ ಪೇಪರ್‌ನಿಂದ ಆರಂಭಿಸಿ 400ರವರೆಗೆ ಕಟ್ಟಿಗೆಯ ದಿಮ್ಮಿ ಹಿಡಿದು ಸಮತಟ್ಟು ಮಾಡಬೇಕು. ನಂತರ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಹೇಗೂ ಮುಚ್ಚಿಹೋಗುವ ಜಾಗಕ್ಕೆ ಬಣ್ಣವೇಕೆ, ಪ್ರೈಮರ್ ಸಾಕಲ್ಲ ಎಂದು ಕೇಳುವವರಿದ್ದಾರೆ. ಪ್ರೈಮರ್‌ನ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಅದು ತೇವ ಹೀರುತ್ತದೆ, ಅಂಟು ಅದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಮುಂದೊಂದು ದಿನ ಹಾಳೆ ತೆಗೆಯುವಾಗ ಪ್ರೈಮರ್ ಪದರವೇ ಕಿತ್ತುಬರುತ್ತದೆ. ಅಂಟಿಗೆ ಬೇಕಾದದ್ದು ನಯವಾದ, ಗಟ್ಟಿಯಾಗಿ ಒಣಗಿದ, ಹೊಳಪಿನ ಬಣ್ಣ. ಹಾಳೆಯ ಕೆಳಗಿನ ಭಾಗಕ್ಕೆ ಮಾತ್ರ ಕಂದು ಬಣ್ಣ ಹೊಡೆಯುವುದು ನನಗೆ ಮೆಚ್ಚುಗೆಯಾದ ಕ್ರಮ. ವರ್ಷಗಳ ನಂತರ ಹಾಳೆ ಒಂದು ಮಿಲಿಮೀಟರ್ ಸರಿದರೂ ಬಿಳಿಯ ಗೆರೆ ಇಣುಕುವುದಿಲ್ಲ.

ಹೊಸ ಬಣ್ಣ ಒಣಗಿದಂತೆ ಕಂಡರೂ ಅದರೊಳಗಿನ ದ್ರಾವಕ ವಾರಗಟ್ಟಲೆ ಹೊರಬರುತ್ತಿರುತ್ತದೆ. ಆ ಆವಿಗೆ ಹೋಗಲು ದಾರಿ ಇಲ್ಲದಿದ್ದರೆ ಹಾಳೆಯಡಿ ಸಣ್ಣ ಸಣ್ಣ ಗುಳ್ಳೆಗಳ ರಾಶಿ ಏಳುತ್ತದೆ. ಒಲೆಯಲ್ಲಿ ಕಾಯಿಸದ, ಗಾಳಿಯಲ್ಲೇ ಒಣಗುವ ಬಣ್ಣಕ್ಕೆ ಒಂದು ತಿಂಗಳ ಕಾಲಾವಕಾಶ ಕೊಡುವುದು ಕ್ಷೇಮ. ಆ ಮೇಲೂ ಅಂಗೈಯಗಲದ ಹಾಳೆಯ ಚೂರನ್ನು ಅಂಟಿಸಿ, ಇಡೀ ದಿನ ಬಿಸಿಲಿಗೆ ಬಿಟ್ಟು, ಗುಳ್ಳೆ ಬಾರದಿದ್ದರೆ ಮಾತ್ರ ಮುಂದುವರಿಯಿರಿ.

ಹೊಸ ಹಾಳೆಯನ್ನು ಅಂಟಿಸುವುದು

ಕೋಣೆಯ ಮತ್ತು ತಗಡಿನ ಉಷ್ಣತೆ 18ರಿಂದ 25 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ಅದಕ್ಕಿಂತ ತಣ್ಣಗಿದ್ದರೆ ಅಂಟು ಹಿಡಿಯುವುದಿಲ್ಲ, ಹೆಚ್ಚು ಬಿಸಿಯಾದರೆ ಮುಟ್ಟಿದಲ್ಲೇ ಹಿಡಿದು ಬಿಡುವುದಿಲ್ಲ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ. ಕಾರನ್ನು ಸೋಪಿನಿಂದ ತೊಳೆದು, ಮೇಣ ಮತ್ತು ಜಿಡ್ಡು ತೆಗೆಯುವ ದ್ರವದಿಂದ ಒರೆಸಿ, ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ 70 ಪಾಲು ಮತ್ತು ನೀರು 30 ಪಾಲಿನ ಮಿಶ್ರಣದಿಂದ ಒರೆಸಬೇಕು. ಬಾಗಿಲುಗಳ ಅಂಚಿನ ಒಳಭಾಗವನ್ನು ಮರೆಯುವವರೇ ಹೆಚ್ಚು. ಹಾಳೆ ಮಡಚಿ ಕೂರುವುದು ಅಲ್ಲಿಯೇ, ಹಳೆಯ ಗ್ರೀಸ್ ಅಡಗಿರುವುದೂ ಅಲ್ಲಿಯೇ.

ಹಿಂದೆ ಹಾಳೆಯನ್ನು ಸೋಪುನೀರು ಚಿಮುಕಿಸಿ ಜಾರಿಸಿ ಕೂರಿಸುವುದೇ ರೂಢಿಯಾಗಿತ್ತು. ಈಗಿನ ಹಲವು ಹಾಳೆಗಳ ಅಂಟಿನಲ್ಲಿ ಗಾಳಿ ಹೊರಹೋಗುವ ಸೂಕ್ಷ್ಮ ಕಾಲುವೆಗಳಿರುತ್ತವೆ. ಅವುಗಳಿಗೆ ನೀರು ತಾಗಿಸಬಾರದು, ನೀರು ಕಾಲುವೆಯಲ್ಲೇ ನಿಂತುಬಿಡುತ್ತದೆ. ಕಾಲುವೆ ಇಲ್ಲದ ಹಾಳೆಯಾದರೆ, ಅನುಭವ ಕಡಿಮೆ ಇರುವವರಿಗೆ ನೀರಿನ ವಿಧಾನವೇ ಕ್ಷಮಾಗುಣವುಳ್ಳದ್ದು. ಒಂದು ಲೀಟರ್ ನೀರಿಗೆ ಕೆಲವೇ ಹನಿ ಬೇಬಿ ಶಾಂಪೂ ಸಾಕು. ಹಾಗೆ ಅಂಟಿಸಿದ ಹಾಳೆಯ ಅಂಚುಗಳನ್ನು ನೀರು ಪೂರ್ತಿ ಆರಿದ ಮೇಲೆ, ಮರುದಿನ, ಮಡಚಬೇಕು.

ಮುಂದಿನ ಫೆಂಡರಿನಿಂದ ಹಿಂಚಕ್ರದ ಮೇಲಿನ ಕ್ವಾರ್ಟರ್ ಪ್ಯಾನಲ್‌ವರೆಗೆ ಒಂದೇ ಎತ್ತರದಲ್ಲಿ ದಾರ ಬಿಗಿದು, ಅದರ ನೇರಕ್ಕೆ ಮಾಸ್ಕಿಂಗ್ ಟೇಪಿನ ಗೆರೆ ಹಾಕಿಕೊಳ್ಳಿ. ಹಾಳೆಯ ತುಂಡುಗಳನ್ನು ಕಾರಿನ ಮೇಲೆ ಬರುವ ಅನುಕ್ರಮದಲ್ಲೇ ರೋಲಿನಿಂದ ಕತ್ತರಿಸಬೇಕು. ಪ್ರತಿ ಬಾಗಿಲಿನ ಸಂದಿನಲ್ಲಿ ಎರಡೂ ಕಡೆ ಮಡಚುವುದಕ್ಕೆ ಹಾಳೆ ಖರ್ಚಾಗುವುದರಿಂದ ಗೆರೆ ಎರಡು ಮೂರು ಸೆಂಟಿಮೀಟರ್ ಜಿಗಿಯುತ್ತದೆ, ಆದರೆ ಉದ್ದಕ್ಕೆ ಓಡುವ ಮರದ ಎಳೆಯಲ್ಲಿ ಆ ಜಿಗಿತ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲುಕೆಳಗಿನ ವ್ಯತ್ಯಾಸ ಮಾತ್ರ ತಪ್ಪದೆ ಕಾಣುತ್ತದೆ. ಹಲಗೆಯ ಅಡ್ಡಗೆರೆ ಮುಂಬಾಗಿಲಿನಿಂದ ಹಿಂಬದಿಯ ಬಾಗಿಲಿಗೆ ಎರಡು ಮಿಲಿಮೀಟರ್ ತಗ್ಗಿದರೂ ಇಡೀ ಪಕ್ಕ ವಾಲಿದಂತೆ ತೋರುತ್ತದೆ. ಅದಕ್ಕೇ ಆ ದಾರದ ಗೆರೆ.

ಹೆಚ್ಚು ಚಪ್ಪಟೆಯಾದ ಮುಂಬಾಗಿಲಿನಿಂದ ಆರಂಭಿಸಿ. ತುಂಡನ್ನು ಹಿಂಬದಿಯ ಕಾಗದ ತೆಗೆಯದೆಯೇ ಜಾಗದಲ್ಲಿ ಹಿಡಿದು, ಗೆರೆ ಹೊಂದಿಸಿ, ನಡುವೆ ಮೇಲಿನಿಂದ ಕೆಳಕ್ಕೆ ಅಗಲವಾದ ಮಾಸ್ಕಿಂಗ್ ಟೇಪ್ ಹಾಕಿ. ಈಗ ಒಂದು ಅರ್ಧವನ್ನು ಹಿಂದಕ್ಕೆ ಮಡಚಿ, ಕಾಗದ ಸುಲಿದು ಕತ್ತರಿಸಿ, ಸಹಾಯಕರು ಹಾಳೆಯನ್ನು ಎಳೆಯದೆ ಕೇವಲ ಹಿಡಿದುಕೊಂಡಿರುವಾಗ, ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ಹಾಳೆಯನ್ನು ಒತ್ತಿ ಕೂರಿಸುವ ಚಪ್ಪಟೆ ಪಟ್ಟಿ) ಎಳೆಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಮುಂದೆ ಸ್ಟಿಕ್ಕರ್ ಕೆಲಸ ನೋಡುತ್ತ ನಿಂತವರಿಗೆ ಈ ಕೈಚಳಕ ಹೊಸದೇನಲ್ಲ: ಸ್ಕ್ವೀಜಿಯ ತುದಿಗೆ ಮೆತ್ತನೆಯ ಫೆಲ್ಟ್, ಹಿಡಿತ ಸುಮಾರು 45 ಡಿಗ್ರಿ ಓರೆ, ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ. ಟೇಪ್ ತೆಗೆದು ಇನ್ನೊಂದು ಅರ್ಧವನ್ನೂ ಹಾಗೆಯೇ ಕೂರಿಸಿ. ಸುಕ್ಕು ಬಂದರೆ ಒತ್ತಿ ಹೋಗಲಾಡಿಸಲು ಯತ್ನಿಸದೆ, ಹಾಳೆಯನ್ನು ಅಲ್ಲಿಯವರೆಗೆ ಎತ್ತಿ, ತುಸು ಬೆಚ್ಚಗೆ ಮಾಡಿ, ಅದು ತಾನಾಗಿ ನೇರವಾದ ಮೇಲೆ ಮತ್ತೆ ಇಳಿಸಿ.

ಹ್ಯಾಂಡಲ್ ಹಿಂದಿನ ಗುಳಿ ಅತಿ ಕಷ್ಟದ ಜಾಗ. ಅಲ್ಲಿ ಹಾಳೆಯನ್ನು ಡೋಲಿನ ಚರ್ಮದಷ್ಟು ಬಿಗಿಯಾಗಿ ಎಳೆದು ಒಳಕ್ಕೆ ತಳ್ಳಿದರೆ ಒಂದು ವಾರದಲ್ಲಿ ಮೇಲೇಳುತ್ತದೆ. ಗುಳಿಯ ಸುತ್ತ ಸಾಕಷ್ಟು ಹಾಳೆ ಸಡಿಲವಾಗಿ ಉಳಿಸಿಕೊಂಡು, ಬೆಚ್ಚಗೆ ಮಾಡಿ, ಗ್ಲವ್ಸ್ ಹಾಕಿದ ಬೆರಳಿನಿಂದ ಗುಳಿಯ ತಳದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಕೂರಿಸಬೇಕು. ಹ್ಯಾಂಡಲ್ಲಿನ ಬುಡದಡಿ ಮುಚ್ಚಿಹೋಗುವ ಜಾಗದಲ್ಲಿ ಸಣ್ಣ ಸೀಳು ಕೊಟ್ಟರೆ ಬಿಗಿತ ಅಲ್ಲಿ ಬಿಡುಗಡೆಯಾಗುತ್ತದೆ. ರಂಧ್ರಗಳಲ್ಲಿ ಮೊದಲು ಗುಣಾಕಾರದ ಚಿಹ್ನೆಯಂತೆ ಕೊಯ್ದು ಆಮೇಲೆ ಅಂಚು ಸವರಿ.

ಬಾಗಿಲಿನ ಅಂಚುಗಳಲ್ಲಿ 10ರಿಂದ 15 ಮಿ.ಮೀ. ಒಳಕ್ಕೆ ಮಡಚಬೇಕು. ಮೂಲೆಗಳಲ್ಲಿ ಸಣ್ಣ ತ್ರಿಕೋನ ಕತ್ತರಿಸಿ ತೆಗೆದರೆ ಮಡಿಕೆ ದಪ್ಪವಾಗುವುದಿಲ್ಲ. ಮೋಲ್ಡಿಂಗ್ ಮುಚ್ಚುವ ಮೇಲಂಚು ಕೆಳಅಂಚುಗಳನ್ನು ಮೋಲ್ಡಿಂಗ್‌ನ ಅಗಲದ ನಡುಭಾಗಕ್ಕೆ ಮುಗಿಯುವಂತೆ ಕತ್ತರಿಸಿ; ಇದಕ್ಕೆ ನೈಫ್‌ಲೆಸ್ ಟೇಪ್ (ಒಳಗಿನ ದಾರವನ್ನು ಎಳೆದು ಹಾಳೆ ಕೊಯ್ಯುವ ಟೇಪ್) ಬಳಸಿದರೆ ಹೊಸ ಬಣ್ಣದ ಮೇಲೆ ಬ್ಲೇಡ್ ಗೀರು ಬೀಳುವ ಆತಂಕವಿರುವುದಿಲ್ಲ. ಕಡ್ಡಿ ತೂರುವ ರಂಧ್ರಗಳ ಸುತ್ತ ಹಾಳೆಯನ್ನು ದುಂಡಗೆ ತುಸು ದೊಡ್ಡದಾಗಿ ಕತ್ತರಿಸಿಬಿಡಿ. ಇಲ್ಲವಾದರೆ ನಟ್ಟು ಬಿಗಿಯುವಾಗ ಹಾಳೆ ಸುತ್ತಿಕೊಂಡು ಮೋಲ್ಡಿಂಗ್‌ನ ಪಕ್ಕದಲ್ಲೇ ಸುಕ್ಕಾಗುತ್ತದೆ.

ಅಂಚು ಹಿಡಿಯಲೆಂದು ಪ್ರೈಮರ್ 94 ಎಂಬ ಅಂಟುವರ್ಧಕವನ್ನು ಕೆಲವರು ಇಡೀ ಪ್ಯಾನಲ್ಲಿಗೆ ಬಳಿಯುತ್ತಾರೆ. ಅದರ ಮೇಲೆ ಕೂತ ಹಾಳೆಯನ್ನು ಮತ್ತೆ ಎತ್ತಿ ಸರಿಪಡಿಸುವಂತಿಲ್ಲ, ಮುಂದೆ ತೆಗೆಯುವವರಿಗಂತೂ ಶಿಕ್ಷೆ. ಮಡಚಿದ ಅಂಚು ಮತ್ತು ಗುಳಿಯ ತಳಕ್ಕೆ ತೆಳುವಾಗಿ ಸವರಿದರೆ ಸಾಕು.

ಹಿಂಬಾಗಿಲಿನ ವಿಷಯದಲ್ಲಿ ಫೋರ್ಡ್ ವ್ಯಾಗನ್‌ಗಳವರು ವಿಶೇಷ ಗಮನ ಕೊಡಬೇಕು. 1966ರಿಂದ ಬಂದ ಅದರ ಹಿಂಬಾಗಿಲು ಕೆಳಕ್ಕೂ ತೆರೆಯುತ್ತದೆ, ಪಕ್ಕಕ್ಕೂ ತೆರೆಯುತ್ತದೆ. ಎರಡೂ ರೀತಿಯಲ್ಲಿ ತೆರೆದು ನೋಡಿ, ಎಲ್ಲೂ ರಬ್ಬರ್ ಪಟ್ಟಿಯು ಹಾಳೆಯ ಅಂಚಿಗೆ ಉಜ್ಜದಂತೆ ಮಡಿಕೆಯ ಅಳತೆಯನ್ನು ನಿರ್ಧರಿಸಬೇಕು.

ಎಲ್ಲ ಮುಗಿದ ಮೇಲೆ, ಹಾಳೆ ಬಾಗಿರುವ ಪ್ರತಿ ಗುಳಿ ಮತ್ತು ಮಡಿಕೆಯನ್ನು ಹೀಟ್ ಗನ್‌ನಿಂದ ತಯಾರಕರು ಹೇಳಿದ ಉಷ್ಣತೆಗೆ ಕಾಯಿಸಬೇಕು. ಕಾಸ್ಟ್ ರ‍್ಯಾಪ್ ಹಾಳೆಗಳಿಗೆ ಇದು ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್. ಈ ಶಾಖದಲ್ಲಿ ಹಾಳೆ ತನ್ನ ಹಳೆಯ ಆಕಾರವನ್ನು ಮರೆತು ಹೊಸ ಆಕಾರವನ್ನು ಒಪ್ಪಿಕೊಳ್ಳುತ್ತದೆ. ಉಳಿದ ಗಾಳಿಗುಳ್ಳೆಗಳನ್ನು ಸೂಜಿಯನ್ನು ಓರೆಯಾಗಿ ಹಿಡಿದು ಅಂಚಿನಲ್ಲಿ ಚುಚ್ಚಿ, ರಂಧ್ರದ ಕಡೆಗೆ ಬೆರಳಿನಿಂದ ಒತ್ತಿ ಹೊರಹಾಕಿ.

ಮೋಲ್ಡಿಂಗ್ ಮತ್ತು ಮುಂದಿನ ಆರೈಕೆ

ಹೊಸ ಹಾಳೆಯ ಪಕ್ಕದಲ್ಲಿ ಹಳೆಯ ಮೋಲ್ಡಿಂಗ್ ಇನ್ನಷ್ಟು ಹಳೆಯದಾಗಿ ಕಾಣುತ್ತದೆ. ಬಣ್ಣ ಒಣಗಲು ಕಾಯುವ ತಿಂಗಳಿನಲ್ಲಿ ಇದನ್ನು ಮುಗಿಸಿಕೊಳ್ಳಬಹುದು. ತೊಳೆದು, ಬೂದು ಬಣ್ಣದ ಉಜ್ಜುಪ್ಯಾಡ್‌ನಿಂದ ಹೊಳಪು ಮುರಿದು, ಪ್ಲಾಸ್ಟಿಕ್ಕಿಗೆ ಹೊಂದುವ ಪ್ರೈಮರ್ ಹಾಕಿ, ತಿಳಿ ಹೊಂಬಣ್ಣ ಹೊಡೆದು, ಅದು ಒಣಗಿದ ಮೇಲೆ ಒಣಕುಂಚವನ್ನು ತುಸು ಗಾಢ ಕಂದು ಬಣ್ಣಕ್ಕೆ ತಾಗಿಸಿ ಉದ್ದುದ್ದ ಎಳೆದರೆ ಮೇಪಲ್ ಮರದ ಎಳೆಯ ಭ್ರಮೆ ಮೂಡುತ್ತದೆ. ಕುಂಚದಲ್ಲಿ ಬಣ್ಣ ಹೆಚ್ಚಾದರೆ ಮರ ಹೋಗಿ ಪಟ್ಟೆ ಉಳಿಯುತ್ತದೆ, ಆದ್ದರಿಂದ ಮೊದಲು ರಟ್ಟಿನ ಮೇಲೆ ಅಭ್ಯಾಸ ಮಾಡಿ. ಕೊನೆಗೆ ಕ್ಲಿಯರ್ ಕೋಟ್.

ಹಾಳೆ ಅಂಟಿಸಿ ಒಂದು ದಿನವಾದರೂ ಕಳೆದ ಮೇಲೆ ಮೋಲ್ಡಿಂಗ್ ಜೋಡಿಸಿ. ಪ್ರತಿ ಕಡ್ಡಿಯ ಬುಡಕ್ಕೆ ಬ್ಯೂಟೈಲ್ ಸೀಲಂಟ್ ಎಂಬ ಮೆತ್ತನೆಯ ರಬ್ಬರ್ ಅಂಟಿನ ಉಂಡೆ ಸುತ್ತಿ ಹಾಕಿದರೆ ನೀರು ರಂಧ್ರಕ್ಕೆ ಇಳಿಯುವುದಿಲ್ಲ. ನಟ್ಟನ್ನು ಕೈಬಿಗಿತಕ್ಕಿಂತ ತುಸುವೇ ಹೆಚ್ಚು ಬಿಗಿಯಿರಿ. ಒಳಹೊದಿಕೆ ಮುಚ್ಚುವ ಮೊದಲು ಬಾಗಿಲಿನ ತಳದ ನೀರು ಹೋಗುವ ತೂತುಗಳು ತೆರೆದಿವೆಯೇ ಎಂದು ತಂತಿ ಹಾಕಿ ನೋಡಿ.

ಮೊದಲ ವಾರ ಕಾರನ್ನು ತೊಳೆಯಬೇಡಿ. ಆಮೇಲೂ ಕೈಯಿಂದ, ಸೌಮ್ಯವಾದ ಸೋಪಿನಿಂದ ತೊಳೆಯುವುದೇ ಉತ್ತಮ; ಒತ್ತಡದ ನೀರು ಬಳಸಲೇಬೇಕಾದರೆ ನಳಿಕೆಯನ್ನು ಕನಿಷ್ಠ 30 ಸೆಂ.ಮೀ. ದೂರದಲ್ಲಿ, ಹಾಳೆಯ ಅಂಚಿಗೆ ನೇರವಾಗಿ ತಾಗದಂತೆ ಹಿಡಿಯಿರಿ. ಪೆಟ್ರೋಲಿಯಂ ಅಂಶವಿರುವ ಮೇಣ ಮತ್ತು ಪಾಲಿಶ್‌ಗಳನ್ನು ದೂರವಿಡಿ, ಅತಿನೇರಳೆ ಕಿರಣ ತಡೆಯುವ, ನೀರಿನ ಆಧಾರದ ರಕ್ಷಕವನ್ನು ಆಗಾಗ ಸವರಿ. ಪೆಟ್ರೋಲ್ ತುಂಬುವಾಗ ಚೆಲ್ಲಿದ್ದನ್ನು ತಕ್ಷಣ ಒರೆಸಿ. ಪ್ರತಿ ಸಲವೂ ಒಂದೇ ಪಕ್ಕವನ್ನು ಬಿಸಿಲಿಗೆ ಮಾಡಿ ನಿಲ್ಲಿಸುವ ಅಭ್ಯಾಸವಿದ್ದರೆ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ಎರಡು ಪಕ್ಕಗಳಿಗೆ ಎರಡು ಬಣ್ಣ ಬರುತ್ತದೆ. ಉಳಿದ ಹಾಳೆಯನ್ನು ಮಡಚದೆ, ಮುದ್ರಣದ ಬದಿ ಹೊರಗಿರುವಂತೆ ದಪ್ಪ ರಟ್ಟಿನ ಕೊಳವೆಗೆ ಸುತ್ತಿ, ರೋಲಿನ ತಯಾರಿಕಾ ಸಂಖ್ಯೆಯನ್ನು ಬರೆದು, ತಂಪಾದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಮುಂದೆ ಯಾರದೋ ಬಾಗಿಲು ತಾಗಿ ಹಾಳೆಗೆ ಗಾಯವಾದರೆ ಹೊಂದುವ ಬಣ್ಣ ಸಿಗುವುದು ಆ ಕೊಳವೆಯಲ್ಲಿ ಮಾತ್ರ.